32 ಸಾವಿರ ಕಿಲೋಮೀಟರ್‌ಗೇ ಕ್ಲಚ್ ಪ್ಲೇಟ್ ಹೋಯಿತು, ತಪ್ಪು ನನ್ನದಾ ಗಾಡಿದಾ?

ಆಲ್ದೂರಿನವ:
ಎಲ್ಲರಿಗೂ ನಮಸ್ಕಾರ. ನನ್ನದು ಪೆಟ್ರೋಲ್ ಕಾರು, ಚಿಕ್ಕದು. ತಗೊಂಡು ಮೂರು ವರ್ಷ, ಓಡಿದ್ದು 32 ಸಾವಿರ ಅಷ್ಟೇ. ಕೆಲಸ ಹಾಸನದಲ್ಲಿ, ಮನೆ ಆಲ್ದೂರು ಹತ್ತಿರ. ಶನಿವಾರ ಬೇಲೂರು ಮೇಲೆ ಬಂದು ಸೋಮವಾರ ಬೆಳಿಗ್ಗೆ ವಾಪಸ್ ಹೋಗುತ್ತೇನೆ.

ಹೋದ ತಿಂಗಳು ನೆಂಟರನ್ನು ಕೂರಿಸಿಕೊಂಡು ಮುಳ್ಳಯ್ಯನಗಿರಿಗೆ ಹೋಗಿದ್ದೆ. ಭಾನುವಾರ ಬೇರೆ, ಸೀತಾಳಯ್ಯನಗಿರಿಗೆ ಇನ್ನೂ ದೂರ ಇರುವಾಗಲೇ ಗಾಡಿಗಳ ಸಾಲು. ನಾಲ್ಕಡಿ ಹೋಗೋದು, ನಿಲ್ಲೋದು, ಮತ್ತೆ ನಾಲ್ಕಡಿ. ಅರ್ಧ ಗಂಟೆ ಕಳೆದಿರಬಹುದು, ಹಿಂದೆ ಕೂತಿದ್ದ ಅತ್ತೆ "ಏನೋ ಸುಟ್ಟ ವಾಸನೆ ಬರ್ತಿದೆ ನೋಡೋ" ಅಂದರು. ಅವತ್ತಿಂದ ಏರಿನಲ್ಲಿ ಎಕ್ಸಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗಲ್ಲ.

ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಇಳಿಸಿ ಪ್ಲೇಟನ್ನು ನನ್ನ ಕೈಗೇ ಕೊಟ್ಟರು. ಲೈನಿಂಗ್ ಪೂರ್ತಿ ಸವೆದು ರಿವಿಟ್ ತಲೆಗಳು ಕಾಣುತ್ತಿದ್ದವು, ಪ್ಲೇಟ್ ಒತ್ತಿಕೊಳ್ಳುವ ಇಂಜಿನ್ ಕಡೆಯ ಚಕ್ರ, ಅದೇ ಫ್ಲೈವೀಲ್, ಅದರ ಮೇಲೆ ಅಲ್ಲಲ್ಲಿ ನೀಲಿ ಮಚ್ಚೆ. "ಗಾಡಿದೇನೂ ತಪ್ಪಿಲ್ಲ, ನಿಮ್ಮ ಕಾಲಿಂದು" ಅಂದರು. ಬಿಲ್ 11 ಸಾವಿರ. ನಾನು ಜೋರಾಗಿ ಓಡಿಸೋನೇ ಅಲ್ಲ, 60 ದಾಟೋದು ಅಪರೂಪ. ನಿಧಾನ ಹೋದರೂ ಗಾಡಿ ಹಾಳಾಗುತ್ತದಾ? ಇನ್ನೇನೇನು ತಪ್ಪು ಮಾಡುತ್ತಿರಬಹುದು, ತಿಳಿದವರು ಹೇಳಿ.

ಹಾಸನ ಗ್ಯಾರೇಜ್:
ನಿಧಾನ ಹೋದವರ ಕ್ಲಚ್ಚೇ ನಮ್ಮಲ್ಲಿಗೆ ಜಾಸ್ತಿ ಬರೋದು ಸರ್. ಗೇರ್ ಬದಲಿಸದೇ ಇರುವಾಗ ನಿಮ್ಮ ಎಡಗಾಲು ಎಲ್ಲಿರುತ್ತದೆ? ಪೆಡಲ್ ಮೇಲೆ ಸುಮ್ನೆ ಇಟ್ಟಿರುತ್ತೀರಿ ಅಂದರೆ ಅದೇ ಮೊದಲನೇ ಕಾರಣ. ಒತ್ತಿಲ್ಲ ಅಂತ ನಿಮಗೆ ಅನಿಸುತ್ತದೆ, ಆದರೆ ಕಾಲಿನ ಭಾರಕ್ಕೇ ಪೆಡಲ್ ಸ್ವಲ್ಪ ಇಳಿದು ಪ್ಲೇಟಿನ ಮೇಲಿನ ಹಿಡಿತ ಸಡಿಲ ಆಗುತ್ತದೆ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೇಲೂ ದಾರಿಯುದ್ದಕ್ಕೂ ಭಾರ ಬೀಳುತ್ತದೆ.

ಎರಡನೇದು ಏರಿನಲ್ಲಿ ಹಾಫ್ ಕ್ಲಚ್. ಗಾಡಿ ಹಿಂದೆ ಜಾರದಂತೆ ಕ್ಲಚ್ಚಲ್ಲೇ ಹಿಡಿದು ನಿಲ್ಲಿಸುತ್ತೀರಲ್ಲ, ಆಗ ಫ್ಲೈವೀಲ್ ತಿರುಗುತ್ತಾ ಇರುತ್ತದೆ, ಪ್ಲೇಟ್ ನಿಂತೇ ಇರುತ್ತದೆ, ಎರಡೂ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ನೀಲಿ ಮಚ್ಚೆ ಬಂದಿದ್ದು ಆ ಕಾವಿಗೇ. ಸಾಲಲ್ಲಿ ನಿಂತಾಗ ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿ ಎರಡೂ ಕಾಲು ಬಿಡಿ. ಮುಂದಿನ ಗಾಡಿ ನಾಲ್ಕಡಿ ಹೋಯಿತು ಅಂತ ನೀವೂ ಹೋಗಬೇಡಿ. ಎರಡು ಕಾರಿನ ಜಾಗ ಬಿಡಲಿ, ಆಮೇಲೆ ಒಂದೇ ಸಲ ಹೋಗಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ.

ಪ್ಲೇಟ್ ಹಾಕಿಸುವಾಗ ರಿಲೀಸ್ ಬೇರಿಂಗೂ ಹೊಸದು ಹಾಕಿದ್ದಾರಾ ಕೇಳಿ. ಅದೊಂದಕ್ಕೆ ಮತ್ತೆ ಗೇರ್ ಬಾಕ್ಸ್ ಇಳಿಸಬೇಕಾದರೆ ಕೂಲಿ ಎರಡೆರಡು ಸಲ.

ಮೂಡಿಗೆರೆ ಜೀಪು:
ತಮ್ಮಾ, ಹತ್ತುವ ಕಥೆ ಅವರು ಹೇಳಿದ್ದಾರೆ, ನಾನು ಇಳಿಯುವುದು ಹೇಳುತ್ತೇನೆ. ಎಸ್ಟೇಟ್ ಜೀಪು ಓಡಿಸಿ 22 ವರ್ಷ ಆಯ್ತು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು, ನಮಗೆ ಮೊದಲು ಕಲಿಸಿದ್ದೇ ಅದು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುವ ಕಾರುಗಳನ್ನು ನೋಡು. ಮೇಲಿಂದ ಕೆಳಗಿನವರೆಗೂ ಹಿಂದಿನ ಕೆಂಪು ಲೈಟ್ ಆರುವುದೇ ಇಲ್ಲ, ಬ್ರೇಕ್ ಒತ್ತಿದ್ದು ಒತ್ತಿದ್ದೇ. ಡಿಸ್ಕ್ ಕಾದು ಪ್ಯಾಡ್ ಹಿಡಿಯಲ್ಲ, ಹಳೇ ಬ್ರೇಕ್ ಆಯಿಲ್ ಆದರೆ ಅದರಲ್ಲಿ ಸೇರಿಕೊಂಡ ನೀರು ಕುದಿದು ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತದೆ. ಸೆಕೆಂಡ್ ಗೇರಲ್ಲಿ ಇಳಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಒಂದು ಸಲ ಬ್ರೇಕ್ ಒತ್ತಿ ಬಿಡು. ವಾಸನೆ ಬಂದರೆ ಪಕ್ಕಕ್ಕೆ ಹಾಕಿ ತಣ್ಣಗಾಗಲು ಬಿಡು. ದಯವಿಟ್ಟು ಝರಿ ನೀರು ಎರಚಬೇಡ, ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು.

ಬೇಲೂರು ಹುಡುಗ:
ಇಳಿಜಾರಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಅಲ್ವಾ ಅಣ್ಣ? ನಮ್ಮಪ್ಪ ಮೊದಲಿಂದಲೂ ಹಾಗೇ ಓಡಿಸೋದು.

ಹಾಸನ ಗ್ಯಾರೇಜ್:
ಕಾರ್ಬುರೇಟರ್ ಕಾಲದಲ್ಲಿ ಹಾಗೆ ಮಾಡುತ್ತಿದ್ದರು. ಈಗಿನ ಗಾಡಿ ಗೇರಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಆದರೆ ಐಡಲ್ ಓಡಲು ಪೆಟ್ರೋಲ್ ಬೇಕೇ ಬೇಕು. ಕೆಲವರು ಕೀ ಬೇರೆ ಆಫ್ ಮಾಡುತ್ತಾರೆ. ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಖಾಲಿ, ಪೆಡಲ್ ಕಲ್ಲಿನಂತಾಗುತ್ತದೆ, ಸ್ಟೀರಿಂಗೂ ಭಾರ. ಅಪ್ಪನಿಗೆ ಇವತ್ತೇ ಹೇಳಪ್ಪ.

ಸಕಲೇಶಪುರ ಅಕ್ಕ:
ನನ್ನದೂ ಸೇರಿಸುತ್ತೇನೆ. ಮಳೆ ಮುಗಿದ ಮೇಲೆ ನಮ್ಮ ಕಡೆ ರಸ್ತೆ ಗೊತ್ತಲ್ಲ. ಗುಂಡಿ ಕಂಡ ತಕ್ಷಣ ಬ್ರೇಕ್ ಒತ್ತಿ, ಒತ್ತಿಕೊಂಡೇ ಗುಂಡಿಗೆ ಇಳಿಸುತ್ತಿದ್ದೆ. ಬ್ರೇಕ್ ಒತ್ತಿದಾಗ ಮುಂದಿನ ಸಸ್ಪೆನ್ಷನ್ ಮೊದಲೇ ಕುಗ್ಗಿರುತ್ತದೆ, ಆಗ ಪೆಟ್ಟು ನೇರ ರಿಮ್ಮಿಗೆ. ಗುಂಡಿಗೆ ಮುಂಚೆಯೇ ನಿಧಾನ ಮಾಡಿ, ಚಕ್ರ ಇಳಿಯುವಾಗ ಬ್ರೇಕ್ ಬಿಡಬೇಕು. ಇದು ಗೊತ್ತಾಗುವ ಮುಂಚೆ ಎರಡು ರಿಮ್ ಬೆಂಡ್ ಆಗಿದ್ದವು. ಮತ್ತೆ ಕಾಫಿ ಮೂಟೆ ಡಿಕ್ಕಿಗೆ ಹಾಕುವವರು ನೋಡಿ, 50 ಕೆಜಿದು ನಾಲ್ಕು ಮೂಟೆ ಅಂದರೆ 200 ಕೆಜಿ, ಪೂರ್ತಿ ಹಿಂದಿನ ಸ್ಪ್ರಿಂಗ್ ಮೇಲೆ. ಬಾಡಿಗೆ ಪಿಕಪ್ಪೇ ವಾಸಿ.

ಆಲ್ದೂರಿನವ:
ಎಲ್ಲರಿಗೂ ಥ್ಯಾಂಕ್ಸ್. ಈ ಸೋಮವಾರ ಗಮನ ಇಟ್ಟು ಓಡಿಸಿದೆ. ಚಿಕ್ಕಮಗಳೂರು ದಾಟಿ ಬೇಲೂರು ಮುಟ್ಟುವಷ್ಟರಲ್ಲಿ ಎಡಗಾಲು ತಾನಾಗಿಯೇ ಆರೇಳು ಸಲ ಪೆಡಲ್ ಮೇಲೆ ಹೋಗಿತ್ತು, ನನಗೆ ಗೊತ್ತೇ ಇರಲಿಲ್ಲ. ಈಗ ಪಕ್ಕದ ಫುಟ್ ರೆಸ್ಟ್ ಮೇಲೆ ಇಡೋದು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಇನ್ನೊಂದು ವಿಷಯ. ಮನೆ ಮುಂದಿನ ಏರಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದು ನೋಡಿದೆ, ಪೂರ್ತಿ ಮೇಲೆ ಬಂದರೂ ಗಾಡಿ ಮೆಲ್ಲಗೆ ಜಾರುತ್ತದೆ. ಅದು ಹಿಡಿಯಲ್ಲ ಅಂತಲೇ ಇಷ್ಟು ದಿನ ಕ್ಲಚ್ಚಲ್ಲಿ ಹಿಡಿಯುತ್ತಿದ್ದೆ ಅಂತ ಈಗ ಹೊಳೆಯಿತು. ಕೇಬಲ್ ಟೈಟ್ ಮಾಡಿದರೆ ಸಾಕಾ, ಹಿಂದಿನ ಬ್ರೇಕಿನ ಲೈನರ್ರೂ ಹೋಗಿರಬಹುದಾ?

ಹಾಸನ ಗ್ಯಾರೇಜ್:
ಹಿಂದಿನ ಡ್ರಮ್ ಬಿಚ್ಚಿ ಲೈನರ್ ನೋಡದೆ ಕೇಬಲ್ ಮುಟ್ಟಬೇಡಿ ಅಂತ ಹೇಳಿ ಸರ್. ಲೈನರ್ ಸವೆದಿದ್ದರೆ ಕೇಬಲ್ ಎಳೆದು ಪ್ರಯೋಜನ ಇಲ್ಲ. ಮುಂದಿನ ಭಾನುವಾರ ಗಿರಿಗೆ ಹೋಗುವ ಮುಂಚೆಯೇ ಮಾಡಿಸಿ.