ಗ್ರಾಫೀನ್ ಫಿಲ್ಮಿಗೆ ಬೆಳಕು ಬಿಟ್ರ ರೀಡಿಂಗ್ ನಿಧಾನ ಇಳೀತದ, ವಾಪಸ್ ಬರಂಗಿಲ್ಲ

ಪ್ರಶ್ನೆ (ಕಲಬುರಗಿ)
ಎಲ್ಲರಿಗೂ ಶರಣ್ರಿ. ಬೆಳಕು ಹಿಡಿಯೋ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳಿ) ಫಿಲ್ಮ್ ಮಾಡ್ಲಿಕ್ಕೆ ಹತ್ತೀನಿ. ಗ್ರಾಫೈಟ್ ಪುಡಿ, ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಮಿಕ್ಸರಿನಾಗ ಹಾಕಿ ತಿರುಗಿಸಿ, ಗಷ್ಟು ಕುಂತ ಮ್ಯಾಲ ಮ್ಯಾಲಿನ ತಿಳಿ ಗಾಜಿನ ಸ್ಲೈಡಿಗೆ ಹಚ್ಚೀನಿ. ಎರಡೂ ತುದಿಗೆ ಸಿಲ್ವರ್ ಪೇಸ್ಟ್. ಕತ್ತಲದಾಗ ಮೀಟರಿನಾಗ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) 18 ಕಿಲೋಓಮ್ ಹತ್ರ ನಿಂದರ್ತದ. ಟೇಬಲ್ ಲ್ಯಾಂಪಿನ ಬಲ್ಬ್ ಹಾಕಿದ್ರ 17ರ ಕಡಿಗೆ ಇಳೀತದ, ಆದ್ರ ನಿಮಿಷಗಟ್ಟಲೆ ಹಿಡೀತದ. ಆರಿಸಿದ್ರ ಮೊದಲಿನ ರೀಡಿಂಗಿಗೆ ಪೂರಾ ಬರಂಗಿಲ್ಲ. ಗ್ರಾಫೀನ್ ಬಾಳ ಫಾಸ್ಟ್ ಅಂತಾರಲ್ರಿ? ಪೇಸ್ಟ್ ಕೆಟ್ಟದೇನು?

ಉತ್ತರ (ಬೀದರ)
ಪೇಸ್ಟಿಂದು ತಪ್ಪಿಲ್ರಿ. ನಿಮ್ಮ ಫಿಲ್ಮ್ ಬೆಳಕಿಗಿಂತ ಬಲ್ಬಿನ ಕಾವೇ ಹೆಚ್ಚು ಅಳೀಲತ್ತದ. ನಿಮ್ಮಂಗ ತಿಳಿ ಹಚ್ಚಿ ಮಾಡಿದ ಫಿಲ್ಮ್ ಅಂದ್ರ ಗ್ರಾಫೀನಿನ ಸಾವಿರಾರು ಚೂರು ಒಂದರ ಮ್ಯಾಲ ಒಂದು ಬಿದ್ದದ್ದು. ಕರೆಂಟು ಚೂರಿನಿಂದ ಚೂರಿಗೆ ಜಿಗೀಬೇಕು, ಕಾವು ಏರಿದ್ರ ಆ ಜಿಗಿತ ಸಲೀಸಾಗಿ ರೆಸಿಸ್ಟೆನ್ಸ್ ಇಳೀತದ. ಗಾಜು ಕಾಯೋದೂ ಆರೋದೂ ನಿಧಾನ. ಮತ್ತ ಗಾಳಿಯೊಳಗಿನ ಆಕ್ಸಿಜನ್ನು, ಪಸಿ ಗ್ರಾಫೀನಿಗೆ ಅಂಟಿ ಅದರ ಚಾರ್ಜ್ ಬದಲು ಮಾಡ್ತಾವ. ಕಾವಿಗೆ ಅವು ಬಿಟ್ಟು ಹೋಗ್ತಾವ, ತಿರುಗಿ ಅಂಟಲಿಕ್ಕೆ ಹೊತ್ತು ಬೇಕು. ಉಳಿದ ಸೋಪು ಪಸಿ ಹಿಡಿದಿಡ್ತದ. ರೀಡಿಂಗ್ ವಾಪಸ್ ಬರದಿರೋದು ಅದಕ್ಕೇ.

ಖಾತ್ರಿ ಮಾಡ್ಕೋಬೇಕಂದ್ರ ಕತ್ತಲದಾಗ ಹೇರ್ ಡ್ರೈಯರಿಂದ ಬಿಸಿ ಗಾಳಿ ಬಿಡ್ರಿ. ಅದೇ ರೀತಿ ಇಳಿದ್ರ ಅದು ಕಾವು. ಆಮ್ಯಾಲ ಬಲ್ಬ್ ತೆಗೆದು ಎಲ್‌ಇಡಿ ಇಡ್ರಿ. ಸೆಕೆಂಡಿಗೆ 100 ಸಲ ಮಿನುಗಿಸಿ ಆಸಿಲೋಸ್ಕೋಪಿನಾಗ (ವೇಗದ ಸಿಗ್ನಲಿನ ಏರಿಳಿತ ತೋರ್ಸೋ ಯಂತ್ರ) ನೋಡ್ರಿ. ಆ ವೇಗಕ್ಕೆ ಗಾಜು ಕಾಯ್ದು ಆರಂಗಿಲ್ಲ, ಉಳಿದ ಸಿಗ್ನಲ್ ಮ್ಯಾಲ ಆಗ ನಂಬಿಕಿ ಇಡಬಹುದು.

ಫಾಸ್ಟ್ ಅನ್ನೋದು ಸುಳ್ಳಲ್ಲ. 2009ರಾಗ ಐಬಿಎಂದವರು ಗ್ರಾಫೀನಿನಿಂದ 40 ಗಿಗಾಹರ್ಟ್ಸ್ (ಸೆಕೆಂಡಿಗೆ 4,000 ಕೋಟಿ ಸಲ) ತನಕ ಬೆಳಕಿನ ಏರಿಳಿತ ಹಿಡಿದು ತೋರಿಸಿದ್ರು. ಲೋಹ ಗ್ರಾಫೀನಿಗೆ ಮುಟ್ಟೋ ಅಂಚಿನಾಗ ಹುಟ್ಟೋ ಕರೆಂಟದು. ನಿಮ್ಮಲ್ಲಿ ಎರಡೂ ತುದಿಗೆ ಅದೇ ಪೇಸ್ಟ್, ಬೆಳಕೂ ಸಮ, ಒಂದರದು ಇನ್ನೊಂದು ಕಡಿದು ಹಾಕ್ತದ. ಒಂದು ಪದರ ಗ್ರಾಫೀನ್ ಹಿಡಿಯೋದೇ 2.3% ಬೆಳಕು, ಬೆಳಕಿಗೆ ಬಿಡಿಸಿಕೊಂಡ ಎಲೆಕ್ಟ್ರಾನು ಪಿಕೋಸೆಕೆಂಡಿನಾಗ (ಸೆಕೆಂಡಿನ ಲಕ್ಷ ಕೋಟಿ ಭಾಗದಾಗ ಒಂದು) ತಣ್ಣಗಾಗಿ ವಾಪಸ್ ತಮ್ಮ ಜಾಗಕ್ಕೆ ಕೂಡಿಬಿಡ್ತಾವ. ಮೀಟರಿಗೆ ಅದು ಕಾಣೋದು ಕಷ್ಟ.

ಪ್ರಶ್ನೆ ಕೇಳಿದವರು
ಡ್ರೈಯರ್ ಹಿಡಿದೆ, ಹಂಗೇ ಇಳೀತು ಸರ್. ಈ ಏಪ್ರಿಲ್ ಬಿಸಲಾಗ ಫ್ಯಾನ್ ಹಾಕಿದ್ರೂ ರೀಡಿಂಗ್ ಅಲ್ಲಾಡ್ತದ, ಈಗ ಯಾಕಂತ ತಿಳೀತು. ಎಲ್‌ಇಡಿ ಮಿನುಗಿಸಿದ್ರ ಏನೂ ಕಾಣವಲ್ದು. ಮುಂದ ಏನ್ ಮಾಡ್ಲಿ? ಸಿಲಿಕಾನ್ ಮ್ಯಾಲ ಗ್ರಾಫೀನ್ ಇಟ್ರ ಛಲೋ ಅಂತಾರ.

ಉತ್ತರ (ಬೀದರ)
ದಾರಿ ಅದೇ ಸರಿ. ಬೆಳಕು ಹಿಡಿಯೋ ಕೆಲಸ ಬ್ಯಾರೇದಕ್ಕೆ ಕೊಡಬೇಕು, ಗ್ರಾಫೀನ್ ಕರೆಂಟ್ ಸಾಗಿಸ್ಲಿ. 2012ರಾಗ ಬಾರ್ಸಿಲೋನಾದಾಗ ಗ್ರಾಫೀನ್ ಮ್ಯಾಲ ಸೀಸದ ಸಲ್ಫೈಡಿನ ಕ್ವಾಂಟಮ್ ಡಾಟ್ (ಬೆಳಕು ಹೀರೋ ಅತಿ ಸಣ್ಣ ಕಣ) ಹಚ್ಚಿ ಸಣ್ಣ ಬೆಳಕಿಗೂ ದೊಡ್ಡ ಸಿಗ್ನಲ್ ತೆಗೆದದ್ದು ಹಿಂಗೇ. ಸಿಲಿಕಾನ್ ಮ್ಯಾಲ ಗ್ರಾಫೀನ್ ಇಡೋ ಮೊದಲು ಅದರ ಮ್ಯಾಲಿನ ಆಕ್ಸೈಡ್ ಪದರ ತೆಗೀಲಿಕ್ಕೆ ಹೈಡ್ರೋಫ್ಲೋರಿಕ್ ಆಸಿಡ್ ಬಳಸ್ತಾರ, ಅದನ್ನ ಮನ್ಯಾಗ ದಯಮಾಡಿ ಮುಟ್ಟಬ್ಯಾಡ್ರಿ. ಚರ್ಮ ದಾಟಿ ಒಳಗ ಹೋಗ್ತದ, ಮೈಯಾಗಿನ ಕ್ಯಾಲ್ಸಿಯಂ ಹಿಡೀತದ, ಮೊದಲಿಗೆ ಉರೀನೂ ಗೊತ್ತಾಗದೇ ಇರಬಹುದು. ಕಾಲೇಜ್ ಲ್ಯಾಬಿನಾಗ ಗೈಡ್ ಮುಂದ ನಿಂತು ಮಾಡಿಸ್ಕೊಳ್ರಿ. ಅಲ್ಲಿ ತನಕ ಸ್ಲೈಡನ್ನ ನೀರಾಗ ತೊಳೆದು ಸೋಪು ತೆಗೀರಿ, ಒಣಗಿಸಿ ಮುಚ್ಚಿದ ಡಬ್ಬಿಯಾಗ ಸಿಲಿಕಾ ಜೆಲ್ ಜೋಡಿ ಇಟ್ಟು ಅಳೀರಿ. ಗ್ರಾಫ್ ಹಾಕ್ರಿ, ನೋಡ್ತೀನಿ.