ಪದಚರ್ಚೆ: ‘ಅನಾಮಧೇಯ’ ಎಲ್ಲ ಕಡೆ ಹೊಂದುತ್ತದೆಯೇ? ‘ಶೇರ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

‘ಫ್ರೀ ಹೇವನ್’ ಯೋಜನೆಯ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅಮೆರಿಕದ ಎಂಐಟಿಯ ವಿದ್ಯಾರ್ಥಿಗಳು 1999ರಲ್ಲಿ ಶುರುಮಾಡಿದ ಸಂಶೋಧನೆ ಇದು. ಕಂಪ್ಯೂಟರ್ ಜಾಲದಲ್ಲಿಟ್ಟ ಕಡತ, ಎಷ್ಟೇ ಬಲಾಢ್ಯರು ಅಳಿಸಲು ಹೊರಟರೂ ಉಳಿಯಬೇಕು ಎಂಬುದು ಅವರ ಹಟ. ಅದರಲ್ಲಿದ್ದ ರೋಜರ್ ಡಿಂಗಲ್‌ಡೈನ್ ಮುಂದೆ, ಬಳಸುವವರ ಗುರುತು ಮರೆಮಾಡುವ ಟಾರ್ ಜಾಲ ಕಟ್ಟಿದವರಲ್ಲೊಬ್ಬರು.

ಕಡತ ಹಾಗೆ ಉಳಿಯಬೇಕಾದರೆ ಅದಕ್ಕೆ ಸಂಬಂಧಪಟ್ಟವರ ಗುರುತು ಸಿಗಬಾರದು, ಅಂದರೆ ಅನಾನಿಮಿಟಿ ಬೇಕು. ಇದಕ್ಕೆ ಪತ್ರಿಕೆಗಳಲ್ಲಿ ‘ಅನಾಮಧೇಯತೆ’ ಎಂದು ಬಳಸುತ್ತಾರೆ. ಆದರೆ ಈ ಸಂಶೋಧಕರು ಅದನ್ನು ಬಿಡಿಸಿ ಬಿಡಿಸಿ ನೋಡಿದ್ದಾರೆ: ಬರೆದವರದು, ಪ್ರಕಟಿಸಿದವರದು, ಓದುವವರದು, ಇಟ್ಟುಕೊಂಡ ಸರ್ವರಿನದು ಬೇರೆ ಬೇರೆ. ಕಡತಕ್ಕೂ ಒಂದುಂಟು. ಅಂದರೆ ತನ್ನಲ್ಲಿರುವುದು ಯಾವ ಕಡತವೆಂದು ಸರ್ವರಿಗೇ ತಿಳಿಯಬಾರದು. ‘ಅನಾಮಧೇಯ ಲೇಖಕ’ ಸರಿ, ‘ಅನಾಮಧೇಯ ಓದುಗ’ ಹೇಗೋ ನಡೆದೀತು, ‘ಅನಾಮಧೇಯ ಕಡತ’ ಎಂದರೆ ಹೆಸರಿಡದ ಫೈಲ್ ಅನ್ನಿಸಿಬಿಡುತ್ತದೆ. ಈ ಕ್ಷೇತ್ರದಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಆಂಡ್ರಿಯಾಸ್ ಫಿಟ್ಸ್‌ಮನ್ ಕೊಟ್ಟ ವ್ಯಾಖ್ಯೆಯಲ್ಲಿ ಹೆಸರಿನ ಮಾತೇ ಇಲ್ಲ. ಒಂದು ಗುಂಪಿನೊಳಗೆ ಇಂಥವರೇ ಎಂದು ಗುರುತು ಹಿಡಿಯಲಾಗದ ಸ್ಥಿತಿ ಅದು. ಗುಂಪು ದೊಡ್ಡದಾದಷ್ಟೂ ರಕ್ಷಣೆ ಹೆಚ್ಚು.

ಕಚೇರಿಗಳ ‘ಮೂಗರ್ಜಿ’ ನನಗೆ ಇಷ್ಟದ ಪದ, ಆದರೆ ಅದರೊಳಗೆ ದೂರು ಸೇರಿಕೊಂಡಿದೆ. ‘ಬೇನಾಮಿ’ಯನ್ನು ಜಮೀನಿನ ವ್ಯವಹಾರ ಕೆಡಿಸಿದೆ. ‘ಅಜ್ಞಾತ’ ಎಂದರೆ ಪಾಂಡವರ ವನವಾಸದ ನಂತರದ ವರ್ಷ ನೆನಪಾಗುತ್ತದೆ. ಅವರು ವಿರಾಟನ ಅರಮನೆಯಲ್ಲಿ ಕಂಕ, ವಲಲ ಎಂದು ಬೇರೆ ಹೆಸರಿಟ್ಟುಕೊಂಡೇ ಇದ್ದವರು, ಹಾಗಾಗಿ ಅದು ಗುಪ್ತನಾಮಕ್ಕೇ ಹತ್ತಿರ. ಸದ್ಯಕ್ಕೆ ‘ಗುರುತುಮರೆ’ ಎಂದು ಬರೆದುಕೊಂಡಿದ್ದೇನೆ: ಓದುಗರ ಗುರುತುಮರೆ, ಸರ್ವರಿನ ಗುರುತುಮರೆ. ಕಿವಿಗೆ ಹೇಗಿದೆ?

ಇನ್ನೊಂದು ಸಣ್ಣ ತೊಡಕು. ಫ್ರೀ ಹೇವನ್‌ನಲ್ಲಿ ಕಡತವನ್ನು ಹಲವು ‘ಶೇರ್’ಗಳಾಗಿ ಮಾಡಿ ಬೇರೆ ಬೇರೆ ಸರ್ವರುಗಳಲ್ಲಿ ಇಡುತ್ತಾರೆ. ಎಲ್ಲವೂ ಸಿಗಬೇಕಿಲ್ಲ, ನಿಗದಿಯಾದಷ್ಟು ಸಿಕ್ಕರೆ ಇಡೀ ಕಡತ ಮರಳಿ ಬರುತ್ತದೆ. ‘ತುಂಡು’ ಎಂದರೆ ಒಂದು ಕಳೆದರೂ ಕಡತ ಹೋಯಿತು ಎಂಬ ಅರ್ಥ ಬರುತ್ತದೆ. ‘ಹಂಚಿಕೆ’ ಫೈಲ್ ಶೇರಿಂಗ್‌ಗೆ ಆಗಲೇ ಸಂದಿದೆ. ಹೀಗೆ ಹಲವೆಡೆ ಇಡುವ ‘ಡಿಸ್ಟ್ರಿಬ್ಯೂಟೆಡ್ ಸ್ಟೋರೇಜ್’ಗೆ ‘ವಿತರಿತ ಸಂಗ್ರಹ’ ಎಂದರೆ ರೇಷನ್ ಗೋದಾಮಿನ ನೆನಪು. ಶೇರ್‌ಗೆ ‘ಪಾಲು’, ಇಡುವ ವ್ಯವಸ್ಥೆಗೆ ‘ಚದುರಿಸಿಟ್ಟ ಸಂಗ್ರಹ’ ಎನ್ನಬಹುದೇ? ಪಾಲು ಎಂದರೆ ಆಸ್ತಿಯಂತೆ ಒಬ್ಬೊಬ್ಬರ ಹಕ್ಕು ಎಂದು ಓದುಗರು ತಿಳಿಯಬಹುದೆಂಬ ಅಳುಕು ನನಗಿದೆ.

ನಿಮ್ಮ ಕಡೆಯ ಆಡುಮಾತಿನಲ್ಲಿ ಇವಕ್ಕೆ ಹೊಂದುವ ಪದಗಳಿದ್ದರೆ, ಬಳಕೆಯ ಒಂದು ವಾಕ್ಯದ ಸಮೇತ ದಯವಿಟ್ಟು ತಿಳಿಸಿ.