ಪದ ಬೇಕು, ತುರ್ತು: ಹಳೇ ಓಮ್ನಿ ಕಟ್ಟುವ ಫಲಕಕ್ಕೆ 'ರೆಸ್ಟೊರೇಶನ್', 'ಸಿಲ್', 'ಫಿಲ್ಲರ್'

ಎಸ್.ಎಂ., ಮೈಸೂರು, ಸಂಜೆ 6:12

ನಾಳೆ ಬೆಳಿಗ್ಗೆ 10ಕ್ಕೆ ಫ್ಲೆಕ್ಸ್ ಅಂಗಡಿಗೆ ಫೈಲು ಹೋಗಬೇಕು. ಹವ್ಯಾಸಕ್ಕೆ ಹಳೇ ಗಾಡಿ ಬಿಚ್ಚಿ ಕಟ್ಟುವವರ ಶೆಡ್ಡಿನ ಗೋಡೆಗೆ ಆರಡಿ ಫಲಕ. ಗಾಡಿ ಮಾರುತಿ ಓಮ್ನಿ, ಕಾರ್ಬ್ಯುರೇಟರ್ ಕಾಲದ್ದು. ಮೂಲ ಇಂಗ್ಲಿಷಿನಲ್ಲಿದೆ. ನನ್ನ ಕರಡು:

"ಹಳೆಯ ವ್ಯಾನಿನ ಜೀರ್ಣೋದ್ಧಾರ ಮತ್ತು ಗ್ರಾಹಕೀಕರಣ. ಕಿಲುಬು ಕೆರೆದು, ಅಂಚುಪಟ್ಟಿಯ ರಂಧ್ರಗಳನ್ನು ಭರ್ತಿಕಾರಕದಿಂದ ಮುಚ್ಚಿ, ಬಣ್ಣ ಬಳಿಯಿರಿ."

ಶೆಡ್ಡಿನವರು ಓದಿ ನಕ್ಕರು. ಯಾಕೆಂದು ಕೇಳಿದರೆ "ಎಲ್ಲಾ ತಪ್ಪು" ಅಂದರು. ಬೇಕಾದ ಪದಗಳು: ರೆಸ್ಟೊರೇಶನ್, ಕಸ್ಟಮೈಸೇಶನ್ (ಹಿಂದಿನ ಸೀಟಿನ ಜಾಗದಲ್ಲಿ ಹಾಸಿಗೆ, ಒಲೆ, ಎರಡನೇ ಬ್ಯಾಟರಿ), ಸಿಲ್, ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಟೊಳ್ಳು ಪೆಟ್ಟಿಗೆ, ಅದರ ತಳದ ಡ್ರೈನ್ ಹೋಲ್, ಫಿಲ್ಲರ್. ದಯವಿಟ್ಟು ಇವತ್ತು ರಾತ್ರಿಯೊಳಗೆ.

ಕೆ.ವಿ., ಬೆಂಗಳೂರು, 6:31

ಜೀರ್ಣೋದ್ಧಾರ ದೇವಸ್ಥಾನಕ್ಕೆ. ಗ್ರಾಹಕೀಕರಣ ಎಂದರೆ ವ್ಯಾನನ್ನು ಗ್ರಾಹಕನನ್ನಾಗಿ ಮಾಡುವುದು. ಎರಡನ್ನೂ ಅಳಿಸಿ.

ಯಾರಾದರೂ 'ಮರುನಿರ್ಮಾಣ' ಎಂದು ತರುವ ಮೊದಲೇ ಹೇಳಿಬಿಡುತ್ತೇನೆ: ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಹೊಸೆದ ದೋಷ. 'ಮರುಕಟ್ಟಣೆ' ಎನ್ನಿ. ವ್ಯಾನಿಗೆ 'ಬಂಡಿ'. ಫಿಲ್ಲರಿಗೆ 'ತುಂಬುಗ'. ಮುಗಿಯಿತು.

ಆರ್.ಬಿ., ಹುಬ್ಬಳ್ಳಿ, 6:58

ಅಕ್ಕಾರ, ಅವರು ನಕ್ಕಿದ್ದು ಕನ್ನಡಕ್ಕಲ್ರಿ, ಕೆಲಸಕ್ಕ. ನಿಮ್ಮ ಫಲಕ ಓದಿ ಯಾರಾದ್ರೂ ಹಂಗ ಮಾಡಿದ್ರ ಎರಡು ಮಳಿಗಾಲಕ್ಕ ಗಾಡಿ ಗುಜರಿಗೆ ಹೋಗ್ತದ.

ಒಂದೊಂದಾಗಿ ನೋಡ್ರಿ. ಕಿಲುಬು ತಾಮ್ರ, ಹಿತ್ತಾಳಿಗೆ, ಹಸರು ಬಣ್ಣದ್ದು. ಕಬ್ಬಿಣಕ್ಕೂ ಸಡ್ಲಾಗಿ ಅಂತಾರ, ಇಲ್ಲ ಅನ್ನಂಗಿಲ್ಲ. ಆದ್ರ ಇಲ್ಲಿ ತುಕ್ಕು ಅಂತನ ಬರೀರಿ.

'ರಂಧ್ರ ಮುಚ್ಚಿ' ಅನ್ನೋದು ದೊಡ್ಡ ತಪ್ಪು. ಸಿಲ್ಲಿನೊಳಗ ಎರಡು ಥರದ ತೂತು ಇರ್ತಾವ. ಒಂದು ಕಂಪನಿಯವರು ಬೇಕಂತ ಇಟ್ಟಿದ್ದು, ಒಳಗ ಸೇರಿದ ನೀರು ಹೊರಗ ಹೋಗಾಕ. ಇನ್ನೊಂದು ತುಕ್ಕು ತಿಂದು ಬಿದ್ದಿದ್ದು. ಮೊದಲನೇದನ್ನ ಮುಚ್ಚಿದ್ರ ಪೆಟ್ಟಿಗಿಯೊಳಗ ನೀರು ನಿಂತು ಒಳಗಿಂದನ ತಗಡು ತಿಂತದ, ಹೊರಗ ಬಣ್ಣ ಹೊಳೀತಿರ್ತದ. ಎರಡನೇದಕ್ಕ ಪುಟ್ಟಿ ತುಂಬಂಗಿಲ್ಲ. ಕೊಳೆತ ತಗಡು ಕತ್ತರಸಿ ಹೊಸಾ ತಗಡು ಕೂಡಸಬೇಕು. ಪುಟ್ಟಿ ಇರೋದು ಬೆಸುಗಿ ಆದ ಮ್ಯಾಲ ಉಳಿದ ತಗ್ಗು ಸಮ ಮಾಡಾಕ. ಮೂರು ಮಿಲಿಮೀಟರಿಗಿಂತ ದಪ್ಪ ಹಚ್ಚಿದ್ರ ಗಾಡಿ ನಡುಗಿದಾಗ ಬಿರಕು ಬಿಟ್ಟು ಎದ್ದು ಬರ್ತದ.

ಅದಕ್ಕ 'ಭರ್ತಿಕಾರಕ'ನೂ ಬ್ಯಾಡ, ಕೆ.ವಿ. ಸರ್ ಹೇಳಿದ 'ತುಂಬುಗ'ನೂ ಬ್ಯಾಡ. ಎರಡೂ ತುಂಬು ಅಂತನ ಹೇಳ್ತಾವ. ಗ್ಯಾರೇಜಿನೊಳಗ ಪುಟ್ಟಿ ಅಂತಾರ, ಪುಟ್ಟಿ ಅಂತ ಬರೀರಿ.

ಬಂಡಿ ಅಂದ್ರ ಇಲ್ಲಿ ಎತ್ತು ಹುಡುಕ್ತಾರ್ರಿ.

ಕೆ.ವಿ., 7:09

'ಪುಟ್ಟಿ' ಎಂದರೆ ಬುಟ್ಟಿ. ಅಥವಾ ಪುಟ್ಟ ಹುಡುಗಿ. ಫಲಕದಲ್ಲಿ "ಪುಟ್ಟಿಯನ್ನು ಉಜ್ಜಿ ಸಮ ಮಾಡಿ" ಎಂದು ಬರೆಯುತ್ತೀರಾ?

ಎನ್.ಪಿ., ಮಂಗಳೂರು, 7:20

ಬರೆಯಬಹುದು ಮಾರಾಯ್ರೆ. ತಗಡಿನ ಪಕ್ಕ ಇರುವ ಪುಟ್ಟಿಯನ್ನು ಯಾರೂ ಜಡೆ ಹಾಕಿದ ಪುಟ್ಟಿ ಎಂದುಕೊಳ್ಳುವುದಿಲ್ಲ.

ಅರಿಸಮಾಸದ ಮಾತಿಗೆ: ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ದೋಷವೆಂದದ್ದು ಸರಿ, ಆದರೆ ರೂಢಿಯಲ್ಲಿ ನೆಲೆಯಾದವನ್ನು ವೈಯಾಕರಣರೇ ಒಪ್ಪಿಕೊಂಡಿದ್ದಾರೆ. ದೋಷವೆಂದೇ ಹಟ ಹಿಡಿದರೆ 'ಮಳೆಗಾಲ'ವನ್ನೂ ಬಿಡಬೇಕು. ಮಳೆ ನಮ್ಮದು, ಕಾಲ ಸಂಸ್ಕೃತದ್ದು. ಕರಾವಳಿಯ ಗಾಡಿಗಳಿಗೆ ಅದರಿಂದ ಲಾಭವೇ.

ನಿಜಕ್ಕೂ ರುಚಿಯಾದ ಸಂಗತಿ ಬೇರೆ ಇದೆ. 'ವ್ಯಾನ್' ಎಂಬುದು 'ಕಾರವಾನ್'ನ ತುಂಡು, ಮೂಲ ಪಾರಸಿ. 'ಬಸ್' ಎಂಬುದು 'ಓಮ್ನಿಬಸ್'ನ ಬಾಲ. ಲ್ಯಾಟಿನ್ನಿನಲ್ಲಿ 'ಎಲ್ಲರಿಗೆ' ಎಂದರ್ಥ. ಅದರಲ್ಲಿ 'ಬಸ್' ಬರೀ ಚತುರ್ಥೀ ಬಹುವಚನದ ಪ್ರತ್ಯಯ. ಅಂದರೆ ನಾವು ದಿನಾ 'ಗಳಿಗೆ' ಹತ್ತಿ ಊರಿಗೆ ಹೋಗುತ್ತಿದ್ದೇವೆ. 1984ರಲ್ಲಿ 'ಮಾರುತಿ ವ್ಯಾನ್' ಎಂದು ಬಂದ ಗಾಡಿಗೆ 1988ರಲ್ಲಿ 'ಓಮ್ನಿ' ಎಂದು ಹೆಸರಿಟ್ಟಾಗ ಪಾರಸಿಯ ಬಾಲ ಹೋಗಿ ಲ್ಯಾಟಿನ್ನಿನ ತಲೆ ಬಂತು. ಆರ್.ಬಿ. ಅವರು ಬರೆದ 'ಗುಜರಿ'ಯೂ ಪಾರಸಿ ನಂಟಿನದೇ. 'ಗುಜರ್' ಎಂದರೆ ಹಾದುಹೋಗು. ಸಂಜೆ ದಾರಿಬದಿ ಕೂಡುವ ಸಂತೆಗೆ ಉರ್ದುವಿನಲ್ಲಿ ಆ ಹೆಸರು. ಶಿವಾಜಿನಗರದ ಗುಜರಿಯಲ್ಲಿ ಓಮ್ನಿಯ ಬಾಗಿಲು ಹುಡುಕುವವರು ಪಾರಸಿ ಮಾತಾಡುತ್ತಿದ್ದಾರೆ.

ಎಸ್.ಎಂ., 7:26

ಎನ್.ಪಿ. ಅವರೇ, ತುಂಬ ಚೆನ್ನಾಗಿದೆ. ಸಿಲ್?

ಎನ್.ಪಿ., 7:33

ಹೊಸ್ತಿಲು. ಮನೆಯ ಬಾಗಿಲಿಗೂ ಅದೇ, ಗಾಡಿಯ ಬಾಗಿಲಿಗೂ ಅದೇ. ಇಂಗ್ಲಿಷಿನವರೂ ಮನೆಯಿಂದಲೇ ಗಾಡಿಗೆ ತಂದದ್ದು.

ಕೆ.ವಿ., 7:41

ಹೊಸ್ತಿಲು ಒಪ್ಪಿಗೆ. ಆದರೆ 'ಹೊಸ' ಎಂಬುದರಿಂದ ಬಂತೆಂದು ಯಾರೂ ಕಥೆ ಕಟ್ಟುವುದು ಬೇಡ. ಹಿಂದೊಮ್ಮೆ ಇದೇ ಮಿಂಚಂಚೆ ಪಟ್ಟಿಯಲ್ಲಿ ನಲವತ್ತು ಓಲೆ ಓಡಿತ್ತು.

ಮಳೆಗಾಲದ ಉದಾಹರಣೆ ಹಳತು. ಹಳೆಯ ತಪ್ಪು ರೂಢಿಯಾಯಿತು ಎಂಬುದು ಹೊಸ ತಪ್ಪಿಗೆ ಪರವಾನಗಿಯಲ್ಲ.

ಆರ್.ಬಿ., 7:52

'ಪರವಾನಗಿ'ನೂ ಪಾರಸಿನರಿ, ಸರ್.

ಹೊಸ್ತಿಲು ಚಲೋ ಐತಿ. ಗ್ಯಾರೇಜಿನೊಳಗ ಫುಟ್‌ಬೋರ್ಡ್ ಅಂತಾರ, ಅದು ಕಾಲಿಡೋ ಜಾಗಕ್ಕಷ್ಟ ಹೊಂದ್ತದ. ಇದು ಒಳಗ ಟೊಳ್ಳು, ಹೊರತಗಡು ಒಳತಗಡು ಕೂಡಿ ಆದ ಪೆಟ್ಟಿಗಿ. ಒಂದು ಸಲ 'ಪೆಟ್ಟಿಗೆ ಹೊಸ್ತಿಲು' ಅಂತ ಬರದು, ಮುಂದ ಬರೇ ಹೊಸ್ತಿಲು ಅನ್ರಿ. ಟೊಳ್ಳು ಅನ್ನೋದು ಓದೋರಿಗೆ ತಿಳೀಲಿಲ್ಲ ಅಂದ್ರ ತುಕ್ಕು ಹಿಡೀದಂಗ ಒಳಗ ಮೇಣ ಯಾಕ ಹೊಡೀಬೇಕು ಅನ್ನೋದೂ ತಿಳೀಯಂಗಿಲ್ಲ.

ಡ್ರೈನ್ ಹೋಲಿಗೆ ತೂಬು. ಕೆರಿಗೆ ಇದ್ದಂಗ. ತೂಬು ಮುಚ್ಚಬ್ಯಾಡ್ರಿ ಅಂದ್ರ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕೆ.ವಿ., 7:58

ತೂಬು ಅತ್ಯುತ್ತಮ. ಇಡೀ ಚರ್ಚೆಯಲ್ಲಿ ಬಂದ ಒಂದೇ ಕನ್ನಡ.

ಎಸ್.ಎಂ., 8:05

ತೂಬು, ಹೊಸ್ತಿಲು ಹಾಕಿಕೊಂಡೆ. ಕೆಲಸದ ಕ್ರಮವನ್ನೇ ಸರಿಯಾಗಿ ಹೇಳಿಬಿಡಿ ಆರ್.ಬಿ. ಅವರೇ, ಪದ ಅಲ್ಲೇ ಸಿಗುತ್ತದೆ. ಇಂಗ್ಲಿಷ್ ಪಠ್ಯವನ್ನು ಮುಚ್ಚಿಟ್ಟಿದ್ದೇನೆ.

ಆರ್.ಬಿ., 8:47

ಗ್ರಂಥಭಾಷೆಯಲ್ಲೇ ಬರೆಯುತ್ತೇನೆ, ನಿಮಗೆ ನಕಲು ಮಾಡಲು ಸುಲಭ.

ಮೊದಲು ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ. ಹೊಸ್ತಿಲು ಕತ್ತರಿಸುವ ಮುಂಚೆ ಬಾಗಿಲ ಕಂಡಿಗೆ ಅಡ್ಡ ಮತ್ತು ಮೂಲೆಯಿಂದ ಮೂಲೆಗೆ 25 ಮಿ.ಮೀ. ಚೌಕ ಪೈಪಿನ ಊರೆ, ಅಂದರೆ ಆಸರೆ, ಕೊಡಿ. ಕಂಡಿಯನ್ನು ಬಿಗಿ ಹಿಡಿದಿರುವುದು ಆ ಪೆಟ್ಟಿಗೆಯೇ. ಊರೆ ಇಲ್ಲದೆ ಕತ್ತರಿಸಿದರೆ ಕಂಡಿ ಕೆಲವೇ ಮಿಲಿಮೀಟರ್ ಕುಸಿಯುತ್ತದೆ, ಆಮೇಲೆ ಜಾರುಬಾಗಿಲು ಹಳಿಯ ಮೇಲೆ ಓಡುತ್ತದೆ, ಕೊಂಡಿಗೆ ಮಾತ್ರ ಕೂರುವುದಿಲ್ಲ. ಬಾಗಿಲನ್ನೇ ಬಯ್ಯುತ್ತಾರೆ, ತಪ್ಪು ಹೊಸ್ತಿಲಿನದು.

ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಬೊದ್ ಎನ್ನುತ್ತದೆ. ಬೊದ್ ಎಂದ ಜಾಗದಿಂದ ಇನ್ನೂ 20–25 ಮಿ.ಮೀ. ಆಚೆಗೆ, ಹೊಳೆಯುವ ಕಬ್ಬಿಣ ಕಾಣುವವರೆಗೆ ಕತ್ತರಿಸಿ. ತೇಪೆಗೆ 20 ಗೇಜ್ ತಗಡು, ಸುಮಾರು 0.9 ಮಿ.ಮೀ. ಅಂಚಿಗೆ ಅಂಚು ಕೂಡಿಸಿ, ನಡುವೆ ಒಂದು ಮಿಲಿಮೀಟರ್ ಸಂದು ಬಿಡಿ. ಒಂದರ ಮೇಲೊಂದು ಹೊದಿಸಿದರೆ ಆ ಮಡಿಕೆಯಲ್ಲಿ ಮತ್ತೆ ನೀರು ಕೂರುತ್ತದೆ.

ಮಿಗ್ ವೆಲ್ಡಿಂಗ್ (ತಂತಿ ತಾನೇ ಬರುತ್ತಿರುವ ವಿದ್ಯುತ್ ಬೆಸುಗೆ), 0.8 ಮಿ.ಮೀ. ತಂತಿ. ಚುಕ್ಕೆ ಚುಕ್ಕೆಯಾಗಿ, ಇಂಚಿಗೊಂದು, ಈ ತುದಿಗೊಂದು ಆ ತುದಿಗೊಂದು. ಗೆರೆ ಎಳೆದ ಹಾಗೆ ಒಂದೇ ಸಮ ಬೆಸೆದರೆ ಕಾವು ಒಂದೇ ಕಡೆ ಕೂಡಿ ತಗಡು ಉಬ್ಬುತ್ತದೆ. ಗ್ಯಾಸ್ ಬೆಸುಗೆಯಲ್ಲಿ ಕಾವು ಇನ್ನೂ ಅಗಲ ಹರಡುತ್ತದೆ. ಉಬ್ಬು ಮುಚ್ಚಲು ಪುಟ್ಟಿ ಬಳಿಯುತ್ತಾರೆ, ಪುಟ್ಟಿ ದಪ್ಪವಾಗುವುದೇ ಹೀಗೆ.

ಉಜ್ಜಿ, ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯುವ ಅಡಿಬಣ್ಣ) ಹೊಡೆದ ಮೇಲೆ ಪುಟ್ಟಿ. ಬರಿ ತಗಡಿಗೆ ಬೇಡ. ನೂರು ಗ್ರಾಂ ಪುಟ್ಟಿಗೆ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಸುಮಾರು ಎರಡು ಗ್ರಾಂ. ಕಡಿಮೆಯಾದರೆ ಅಂಟಂಟಾಗಿ ಉಳಿಯುತ್ತದೆ. ಹೆಚ್ಚಾದರೆ ಕಲಸುವ ಹಲಗೆಯ ಮೇಲೇ ಗಡುಸಾಗುತ್ತದೆ, ಮೇಲಿನ ಬಣ್ಣಕ್ಕೆ ಕಲೆ ಏರುತ್ತದೆ. ಬಿಸಿಲ ದಿನಗಳಲ್ಲಿ ಕೆಲವೇ ನಿಮಿಷ ಸಮಯ ಸಿಗುವುದು, ಆದ್ದರಿಂದ ಅಂಗೈಯಷ್ಟೇ ಕಲಸಿ. 80, 180, 320 ನಂಬರು, ಹೀಗೆ ಉಜ್ಜುಕಾಗದ ಬದಲಿಸಿ. ಪುಟ್ಟಿಯನ್ನು ನೀರು ಹಾಕಿ ಉಜ್ಜಬೇಡಿ. ಅದು ನೀರು ಹೀರುತ್ತದೆ, ತಿಂಗಳಾದ ಮೇಲೆ ಬಣ್ಣದಡಿ ಗುಳ್ಳೆ ಏಳುತ್ತದೆ.

ಬಣ್ಣ ಒಣಗಿದ ಮೇಲೆ ತೂಬಿನಲ್ಲಿ ತಂತಿ ಆಡಿಸಿ, ಹೊಸ್ತಿಲ ಒಳಗೆ ಮೇಣ ಸಿಂಪಡಿಸಿ, ಮತ್ತೊಮ್ಮೆ ತಂತಿ ಆಡಿಸಿ. ಮೇಣವೇ ತೂಬಿಗೆ ಬಿರಡೆಯಾಗುವುದುಂಟು.

ಎನ್.ಪಿ., 9:02

'ಊರೆ' ನೋಡಿ ಸಂತೋಷವಾಯಿತು. ರಸ್ಟ್ ಕನ್ವರ್ಟರ್ ಎಲ್ಲಿ ಬರುತ್ತದೆ? ಅದು ಕೆಂಪು ತುಕ್ಕನ್ನು ಕಪ್ಪು ಮಾಡುವ ದ್ರವ. ಹೆಚ್ಚಿನವುಗಳಲ್ಲಿ ಟ್ಯಾನಿನ್ ಅಥವಾ ಫಾಸ್ಫರಿಕ್ ಆಮ್ಲ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದವರಿಗೆ ಇದೇ ರಸಾಯನ ಗೊತ್ತಿತ್ತು. 'ತುಕ್ಕುಮಸಿ' ಎನ್ನೋಣವೇ?

ಆರ್.ಬಿ., 9:08

ಅದು ಕತ್ತರಸಾಕ ಬರಲಾರದ ಜಾಗಕ್ಕ, ಮೂಲಿಯೊಳಗ, ಮ್ಯಾಲಮ್ಯಾಲಿನ ತುಕ್ಕಿಗೆ ಅಷ್ಟ. ತೂತು ಬಿದ್ದ ತಗಡಿಗೆ ಹಚ್ಚಿದ್ರ ಕರೀ ತೂತು ಆಗ್ತದ. ತುಕ್ಕುಮಸಿ ಅಂದ್ರ ಬರೆಯೋ ಮಸಿ ಅನ್ಕೋತಾರ, ಬ್ಯಾಡ.

ಕೆ.ವಿ., 9:15

ಇಷ್ಟು ಓದಿದ ಮೇಲೆ ಶೀರ್ಷಿಕೆಗೆ 'ದುರಸ್ತಿ' ಎಂದು ಯಾರೋ ಹೇಳುವುದು ಖಚಿತ. ಅದೂ ಪಾರಸಿ, 'ದುರುಸ್ತ್'. ಎರವಲು ತರುವುದಕ್ಕೆ ಒಂದು ಮಿತಿ ಇರಬೇಕು. ಗ್ಯಾರೇಜಿನವರು ಅಂದದ್ದೆಲ್ಲ ಕನ್ನಡವಾದರೆ ನಿಘಂಟು ಏಕೆ, ಬಿಡಿಭಾಗಗಳ ಬೆಲೆಪಟ್ಟಿ ಸಾಕು.

ಎನ್.ಪಿ., 9:22

ಬೆಲೆಪಟ್ಟಿಯಲ್ಲಿ ಇರುವ ಪದಕ್ಕೆ ಬೆಲೆಯಾದರೂ ಇರುತ್ತದೆ. 'ತುಂಬುಗ' ಎಂದು ಅಂಗಡಿಯಲ್ಲಿ ಕೇಳಿ ನೋಡಿ. ಗ್ಯಾರೇಜಿನ ಟಿಂಕರಿಂಗ್ ಇಂಗ್ಲಿಷರ ಟಿಂಕರಿಂಗ್ ಅಲ್ಲ. ಅವರಲ್ಲಿ ಅದು ಸುಮ್ಮನೆ ಕೈಯಾಡಿಸುವುದು, ನಮ್ಮಲ್ಲಿ ತಗಡು ತಟ್ಟಿ ರೂಪಕ್ಕೆ ತರುವ ಪಕ್ಕಾ ಕಸುಬು. ಎರವಲು ತಂದವರು ಅರ್ಥವನ್ನು ತಾವೇ ಕಟ್ಟಿದ್ದಾರೆ. ಅದು ಕನ್ನಡದ್ದೇ.

ಕೆ.ವಿ., 9:25

ಅಲ್ಲ.

ಆರ್.ಬಿ., 9:40

ಶೀರ್ಷಿಕೆಗೆ ದುರಸ್ತಿ ಬ್ಯಾಡ, ಪಾರಸಿ ಅಂತಲ್ಲ. ದುರಸ್ತಿ ಅಂದ್ರ ಕೆಟ್ಟಿದ್ದನ್ನ ಓಡೋಹಂಗ ಮಾಡೋದು. ರೆಸ್ಟೊರೇಶನ್ ಅಂದ್ರ ಮೊದಲಿದ್ದಂಗ ಮಾಡೋದು, ಅದ 796 ಸಿಸಿ ಎಂಜಿನ್, ಅದ ಬಣ್ಣ, ಅದ ಸೀಟು. ಕಸ್ಟಮೈಸ್ ಅಂದ್ರ ಮೊದಲಿಲ್ಲದ್ದನ್ನ ಮಾಡೋದು. ಇವೆರಡನ್ನ ಫಲಕದ ಮ್ಯಾಲ ಬ್ಯಾರೆ ಬ್ಯಾರೆ ಇಡ್ರಿ. ಕಾರಣ ಆರ್‌ಟಿಒ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಇರೋದ ಎರಡನೇದರ ಬಗ್ಗೆ. ಸೀಟಿನ ಎಣಿಕಿ, ಎಂಜಿನ್, ಇಂಧನ ಬದಲಾದ್ರ ಮೊದಲ ಅನುಮತಿ ತಗೊಂಡು ಆರ್‌ಸಿಯೊಳಗ ಬರಸಬೇಕು. ಬಣ್ಣ ಬದಲಾದ್ರೂ ಆರ್‌ಸಿಯೊಳಗ ಬರಸಬೇಕು. ಹೊಸ್ತಿಲಿಗೆ ತೇಪಿ ಹಾಕಾಕ ಅನುಮತಿ ಬ್ಯಾಡ, ಸೀಟು ಕಿತ್ತು ಹಾಸಿಗಿ ಕೂಡಸಾಕ ಬೇಕು.

ಎರಡನೇ ಬ್ಯಾಟರಿ ಬಗ್ಗೆ ಒಂದ ಸಾಲು ಹಾಕ್ರಿ: ಫ್ಯೂಸ್ ಬ್ಯಾಟರಿಯ ಪ್ಲಸ್ ಕಡೀಂದ ಒಂದು ಗೇಣಿನೊಳಗ ಇರಲಿ. ಅದಕ್ಕಿಂತ ದೂರ ಇಟ್ಟಷ್ಟೂ, ನಡುವಿನ ವೈರು ತಗಡಿಗೆ ಉಜ್ಜಿ ಸುಲಿದ್ರ ಕಾಯೋರು ಯಾರೂ ಇರಂಗಿಲ್ಲ. ವೈರು ತಗಡು ದಾಟೋ ಕಡೆಗೆಲ್ಲಾ ರಬ್ಬರ್ ಉಂಗುರ ಹಾಕ್ರಿ.

ಎಸ್.ಎಂ., 10:26

ಇದನ್ನು ಕಳಿಸುತ್ತಿದ್ದೇನೆ:

"ಹಳೇ ವ್ಯಾನ್: ಮೊದಲಿದ್ದಂತೆ ಕಟ್ಟುವುದು, ಬೇಕಾದಂತೆ ಮಾರ್ಪಡಿಸುವುದು.
ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದನ್ನು ಬೆಸೆಯಿರಿ. ಪೆಟ್ಟಿಗೆ ಹೊಸ್ತಿಲಿನ ತೂಬು ಮುಚ್ಚಬೇಡಿ.
ಪುಟ್ಟಿ ತಗ್ಗು ಸಮ ಮಾಡಲು ಮಾತ್ರ, 3 ಮಿ.ಮೀ. ಮೀರದಿರಲಿ.
ಹಾರ್ಡ್‌ನರ್ ಶೇ. 20. ನೀರು ಹಾಕಿ ಉಜ್ಜಬೇಡಿ.
ಸೀಟು, ಎಂಜಿನ್, ಇಂಧನ ಬದಲಿಸುವ ಮುನ್ನ ಆರ್‌ಟಿಒ ಅನುಮತಿ."

ಕೆ.ವಿ., 10:34

'ಮಾರ್ಪಡಿಸು' ಸರಿ. ಎರಡು ಕೆಲಸಕ್ಕೆ ಎರಡು ಕ್ರಿಯಾಪದ ಇಟ್ಟದ್ದೂ ಸರಿ. 'ವ್ಯಾನ್' ಬಗ್ಗೆ ನನ್ನ ಆಕ್ಷೇಪ ಇದ್ದೇ ಇದೆ.

ಆರ್.ಬಿ., 10:37

ಅಕ್ಕಾರ, ನಿಲ್ರಿ. ನಾಕನೇ ಸಾಲಿನೊಳಗ ಸೊನ್ನಿ ಒಂದು ಹೆಚ್ಚು ಬಿದ್ದದ. ಶೇ. 2. ಇಪ್ಪತ್ತು ಹಾಕಿದ್ರ ಪುಟ್ಟಿ ಹಚ್ಚೋ ಪಾತಿ ಎತ್ತೂದ್ರೊಳಗ ಕಲ್ಲಾಗ್ತದ.